ಯಾನ್ ಸಾಹೇಬರ ಅಡ್ಡಹೆಸರು

ಕೊರೊನಾ ಮುಗಿದ ಮರುವರ್ಷ ನಾನು ರಾಯಚೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ರಜೆಯಲ್ಲಿ ದುಭಾಷಿ ಕೆಲಸ. ಹೊರದೇಶದ ತಜ್ಞರು ಹಳ್ಳಿಗಳಿಗೆ ಬಂದರೆ ಅವರ ಮಾತನ್ನು ಜನರಿಗೂ ಜನರ ಮಾತನ್ನು ಅವರಿಗೂ ದಾಟಿಸಬೇಕು. ಕೇಳಿದ್ದನ್ನು ಪೂರ್ತಿ ಹೇಳಬೇಕು, ಸ್ವಂತದ್ದು ಸೇರಿಸಬಾರದು. ಇಷ್ಟೇ ಕಟ್ಟಳೆ. ಬಾಯಿ ಸುಮ್ಮನಿರದ ನನಗೆ ಅದರ ಎರಡನೆಯ ಅರ್ಧ ಯಾವಾಗಲೂ ಕಷ್ಟ.

ಆ ಬೇಸಿಗೆಯಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಯಾನ್ ಎಂಬ ನೀರಿನ ಎಂಜಿನಿಯರ್ ಬಂದಿದ್ದರು. ದೇವದುರ್ಗ ತಾಲೂಕಿನ ಒಂದು ಹಳ್ಳಿಗೆ ಅವರ ಸಂಸ್ಥೆ ಶುದ್ಧ ನೀರಿನ ಘಟಕ ಕೊಡುವುದಿತ್ತು. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿನ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದವು, ನಡುವಯಸ್ಸಿಗೇ ಜನ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದರು. ಯಾನ್ ಎಲ್ಲ ಬೋರ್‌ವೆಲ್‌ಗಳ ನೀರು ಪರೀಕ್ಷಿಸಿದರು. ಫ್ಲೋರೈಡ್ ಕಡಿಮೆ, ನೀರು ಧಾರಾಳ ಇದ್ದದ್ದು ದಲಿತರ ಕೇರಿಯಲ್ಲಿ ಕೊರೆಸಿ, ಮೋಟಾರ್ ಕೂಡಿಸದೆ ಬಿಟ್ಟಿದ್ದ ಬೋರ್‌ವೆಲ್ ಒಂದೇ. ಘಟಕ ಅಲ್ಲೇ ಆಗಲಿ ಎಂದರು. ಆದರೆ ಊರು ಒಪ್ಪಬೇಕಿತ್ತು.

ಕೇರಿಯ ಹೆಂಗಸರಿಗೆ ಇದು ಬರೀ ಹಲ್ಲು, ಮೊಣಕಾಲಿನ ವಿಷಯವಾಗಿರಲಿಲ್ಲ. ಗುಡಿ ಮುಂದಿನ ನಳವನ್ನು ಅವರು ಮುಟ್ಟುವಂತಿಲ್ಲ. ದೂರ ನಿಲ್ಲಬೇಕು, ಯಾರಾದರೂ ಕೊಡಕ್ಕೆ ಸುರಿಯಬೇಕು. ಅವರಲ್ಲಿ ಹಿರಿಯಳಾದ ದುರುಗವ್ವ ನನ್ನ ಕೈ ಹಿಡಿದು ಕೇಳಿದ್ದಳು: "ಖರೇನs ಇಲ್ಲೇ ಹಾಕ್ತಾರಾ ಯವ್ವಾ? ನಮ್ಮ ನಳ ನಾವs ತಿರುವಬಹುದಾ?" ಹೌದು ಎಂದಿದ್ದೆ.

ಮರುದಿನ ಊರಿನ ಗೌಡರು ನಮ್ಮಿಬ್ಬರನ್ನೂ ಚಹಾಕ್ಕೆ ಕರೆದರು. ಸಜ್ಜನಿಕೆಯ ಮನುಷ್ಯ, ಮಾತು ಮೆತ್ತಗೆ. ಸ್ಟೀಲ್ ಲೋಟದಲ್ಲಿ ಚಹಾ ಬಂತು. ಬಿಸಿಲು, ಹತ್ತಿ ಬೆಳೆ ಎಲ್ಲ ಮಾತಾಡಿದ ಮೇಲೆ ಅವರು ಕೇಳಿದರು: "ಸಾಹೇಬ್ರ ಅಡ್ಡಹೆಸರು ಏನ್ರೀ ಮೇಡಮ್?"

ನಮ್ಮ ಕಡೆ ಈ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇರುತ್ತದೆ. ಜಾತಿ ಯಾವುದು ಎಂದು ನೇರ ಕೇಳಿದರೆ ಒರಟಾಗುತ್ತದೆ, ಅಡ್ಡಹೆಸರು ಕೇಳಿದರೆ ಮರ್ಯಾದೆ ಉಳಿಯುತ್ತದೆ. ನನಗೂ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಾರೆ, ಊರಿಗೆ ಬಂದ ದಿನವೇ ಗೌಡರೂ ಕೇಳಿದ್ದರು. ನನ್ನದು ಮಸರಕಲ್. ಊರಿನ ಹೆಸರಾದ್ದರಿಂದ ಕೇಳಿದವರಿಗೆ ಏನೂ ತಿಳಿಯುವುದಿಲ್ಲ, ತಮ್ಮವಳೇ ಎಂದುಕೊಳ್ಳುತ್ತಾರೆ. ಮಾಸ್ತರರಾಗಿದ್ದ ಅಪ್ಪ ಯೋಚಿಸಿಯೇ ಹಾಗೆ ಬರೆಸಿದ್ದರು.

ಯಾನ್‌ಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅಷ್ಟು ದಿನ ಫ್ಲೋರೈಡ್ ಬಿಟ್ಟು ಬೇರೇನನ್ನೂ ಯಾರೂ ಅವರನ್ನು ಕೇಳಿರಲಿಲ್ಲ. ಖುಷಿಯಿಂದ ಹೇಳಿದರು: ಸ್ಖೂನ್‌ಮಾಕರ್. ಇಂಗ್ಲಿಷಿನಲ್ಲಿ ಶೂಮೇಕರ್. ಯಾವ ಕಾಲದಲ್ಲೋ ಹಿರಿಯರು ಪಾದರಕ್ಷೆ ಹೊಲಿಯುತ್ತಿದ್ದಿರಬೇಕು, ಈಗ ಮನೆಯಲ್ಲಿ ಯಾರಿಗೂ ಗುಂಡಿ ಹಚ್ಚಲೂ ಬರುವುದಿಲ್ಲ ಎಂದು ನಕ್ಕರು.

ಗೌಡರು ನನ್ನ ಮುಖ ನೋಡುತ್ತಿದ್ದರು. ಅರ್ಥ ಗೊತ್ತಿಲ್ಲ ಎಂದು ತಳ್ಳಿಹಾಕಬಹುದಿತ್ತು. ಹಾಗೆ ಮಾಡಲು ಮನಸ್ಸು ಬರಲಿಲ್ಲ. "ಚಪ್ಪಲಿ ಹೊಲಿಯೋರು ಅಂತ ಅರ್ಥ ರೀ" ಎಂದೆ.

"ಹೌದೇನು?" ಎಂದರು, ಅಷ್ಟೇ.

ಮರುದಿನ ಪಂಚಾಯಿತಿ ಕಟ್ಟೆಯಲ್ಲಿ ಸಭೆ. ಚಹಾ ಬಂದಾಗ ಯಾನ್‌ಗೆ ಕಾಗದದ ಕಪ್ಪು, ನನಗೆ ಸ್ಟೀಲ್ ಲೋಟ. ಹಿಂದಿನ ದಿನ ಇಬ್ಬರಿಗೂ ಸ್ಟೀಲ್ ಲೋಟವೇ ಬಂದಿತ್ತು. ಯಾನ್ ಏನೂ ಅರಿಯದೆ ಕುಡಿದು ಥ್ಯಾಂಕ್ಸ್ ಹೇಳಿದರು.

ಗೌಡರು ಮೆತ್ತಗೇ ಶುರು ಮಾಡಿದರು. "ಘಟಕ ಗುಡಿ ಮುಂದ ಆಗ್ಲಿ. ಸಾಹೇಬ್ರು ಕೇರಿಯೋರ ಪೈಕಿ ಅದಾರ, ಅದಕ್ಕs ಅವರ ಕಡಿ ಎಳ್ಯಾಕತ್ತಾರ. ಪರೀಕ್ಷಾ ಗಿರೀಕ್ಷಾ ಎಲ್ಲ ನೆಪ."

ಅದನ್ನೂ ಪೂರ್ತಿ ದಾಟಿಸಿದೆ. ಯಾನ್ ಮೊದಲು ನಕ್ಕರು. ಬೇರೆ ಯಾರೂ ನಗಲಿಲ್ಲ. ಅವರ ಮುಖ ಕೆಂಪಾಯಿತು. ಅದು ಬರೀ ಹೆಸರು, ನಮ್ಮಲ್ಲಿ ಆ ಹೆಸರಿನವರು ಡಾಕ್ಟರೂ ಇದ್ದಾರೆ, ಜಡ್ಜೂ ಇದ್ದಾರೆ ಎಂದು ಹೇಳಿ ಎಂದರು. ಹೇಳಿದೆ. ಯಾರ ಕಿವಿಗೂ ಹೋದಂತೆ ಕಾಣಲಿಲ್ಲ.

ಆಗ ಗೌಡರು ನನ್ನ ಕಡೆ ತಿರುಗಿದರು. "ಅವರಿಗೆ ನಮ್ಮ ರೀತಿ ರಿವಾಜು ತಿಳಿಯಂಗಿಲ್ಲ. ನೀವು ಮಸರಕಲ್‌ನೋರು, ನಮ್ಮ ಪೈಕಿ. ನೀವs ಬಿಡಿಸಿ ಹೇಳ್ರಿ."

ಕಟ್ಟಳೆಯ ಎರಡನೆಯ ಅರ್ಧ ಮುರಿದದ್ದು ಆಗಲೇ. "ಗೌಡ್ರs, ನನ್ನ ಅಡ್ಡಹೆಸರು ಕೇಳಿದ್ರಿ, ನಮ್ಮ ಮುತ್ಯಾನ ಕೆಲಸ ಕೇಳ್ಲಿಲ್ಲ. ಅವ ಮಸರಕಲ್‌ದಾಗ ಚಪ್ಪಲಿ ಹೊಲಿತಿದ್ದ. ನಿನ್ನೆ ನಿಮ್ಮ ಮನ್ಯಾಗ ಸ್ಟೀಲ್ ಲೋಟದಾಗ ಚಾ ಕುಡದಾಕಿ ಅವನ ಮೊಮ್ಮಗಳು."

ಗೌಡರು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು, ಅವರ ಹಿಂದೆ ಉಳಿದವರೂ ಎದ್ದರು. ಏನು ಹೇಳಿದಿರಿ ಎಂದು ಯಾನ್ ಕೇಳಿದರು. ಇಪ್ಪತ್ತು ವರ್ಷ ಬೇರೆಯವರ ಮಾತು ದಾಟಿಸಿದ ನಾನು ಮೊದಲ ಸಲ ಸ್ವಂತ ಮಾತನ್ನು ದಾಟಿಸಿದೆ. "ನನ್ನ ಹೆಸರೂ ಶೂಮೇಕರ್" ಎಂದೆ.

ಊರು ಆಮೇಲೆ ಎಲ್ಲಿಗೂ ಒಪ್ಪಲಿಲ್ಲ, ಗುಡಿ ಮುಂದೆ ಕೂಡ. ಘಟಕ ಕೈತಪ್ಪಿತು. ಜೀಪು ಹತ್ತುವಾಗ ದುರುಗವ್ವ ಬಂದಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. "ನಾನು ಬಾಯಿ ಮುಚ್ಚಿಕೊಂಡಿದ್ರ ನೀರು ಬರ್ತಿತ್ತೇನು ಯವ್ವಾ?" ಎಂದೆ.

"ಬರ್ತಿತ್ತು. ಗುಡಿ ಮುಂದ ಬರ್ತಿತ್ತು. ನಾವು ದೂರ ನಿಂತು, ಯಾರರ ಸುರೀಲಿ ಅಂತ ಕಾಯ್ತಿದ್ವಿ." ಜೀಪಿನ ಬಾಗಿಲು ಹಿಡಿದು ಹೇಳಿದಳು: "ಆದ್ರೂ ನೀರು ಹೋತಲ್ಲ ಯವ್ವಾ. ಹುಡುಗ್ರ ಹಲ್ಲು ನೋಡಿದ್ರ ಹೊಟ್ಟಿ ಉರೀತದ."

ಆ ಘಟಕ ಮಾನ್ವಿ ತಾಲೂಕಿನ ಬೇರೊಂದು ಊರಿಗೆ ಹೋಯಿತು. ಅಲ್ಲಿಗೂ ನಾನೇ ದುಭಾಷಿ. ಮೊದಲ ದಿನವೇ ಹಿರಿಯರೊಬ್ಬರು ನಗುತ್ತ ಕೇಳಿದರು: "ಸಾಹೇಬ್ರ ಅಡ್ಡಹೆಸರು ಏನ್ರೀ?"

ಯಾನ್‌ಗೆ ಅಷ್ಟರಲ್ಲಿ ಆ ಒಂದು ಕನ್ನಡ ಪದದ ಪರಿಚಯವಾಗಿತ್ತು. ಅವರ ಮುಖದ ಖುಷಿ ಇಳಿಯಿತು. ಏನು ಹೇಳಲಿ ಎಂದು ಮೆಲ್ಲಗೆ ನನ್ನನ್ನೇ ಕೇಳಿದರು. ತನ್ನ ಹೆಸರು ಹೇಳಲು ಆ ಮನುಷ್ಯ ಅಂಜಿದ್ದು ಕಂಡು ನನಗೆ ಅಳು ಬಂತು. ಅದನ್ನು ಅವರಿಗೆ ಕಲಿಸಿದವರು ನಾವು.

ಇದ್ದದ್ದನ್ನೇ ಹೇಳಿ ಎಂದೆ. ಹೇಳಿದರು, ದಾಟಿಸಿದೆ. ಆ ಹಿರಿಯರು ಕೇಳುವ ಮೊದಲೇ ನನ್ನ ಮುತ್ಯಾನ ಕೆಲಸವನ್ನೂ ಸೇರಿಸಿದೆ. ಅಂದಿನಿಂದ ಯಾವ ಊರಿಗೆ ಹೋದರೂ ಹಾಗೇ ಮಾಡುತ್ತೇನೆ. ಕೇಳಿದ್ದನ್ನು ಪೂರ್ತಿ ಹೇಳಬೇಕೆಂದು ಕಾಲೇಜಿನ ಅನುವಾದ ತರಗತಿಯ ಮಕ್ಕಳಿಗೆ ಈಗಲೂ ಕಲಿಸುತ್ತೇನೆ. ಸ್ವಂತದ್ದು ಸೇರಿಸಬಾರದು ಎಂಬ ಅರ್ಧವನ್ನು ಕಲಿಸುವುದು ಬಿಟ್ಟಿದ್ದೇನೆ. ದುರುಗವ್ವ ಈಗಲೂ ಗುಡಿ ಮುಂದೆ, ನಳದಿಂದ ದೂರ, ಕೊಡ ಕೆಳಗಿಟ್ಟು ನಿಂತಿರುತ್ತಾಳೆ.