ಶನಿವಾರ ಕಲಿಸಿದ ವಾಕ್ಯ

ಟಾನ್ ಪೇಯ್‌ಫೆನ್ ನಮ್ಮ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದವಳು. ನಾನು ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯಾಗಿದ್ದಷ್ಟು ಕಾಲವೂ ಅವಳು ಒಂದು ದಿನವೂ ತಡವಾಗಿ ಬಂದದ್ದಿಲ್ಲ. ಬೇರೆಯವರ ಏಳಿಗೆಯನ್ನು ಒಂದು ದಿನವೂ ಸಹಿಸಿದ್ದಿಲ್ಲ. ಹಿರಿಯ ಶಿಕ್ಷಕಿಯ ದರ್ಜೆಗೆ ಮೂರು ಸಲ ಅರ್ಜಿ ಹಾಕಿ ಸೋತಿದ್ದಳು. ನಾಲ್ಕನೆಯ ಸಲ ಇದ್ದದ್ದು ಒಂದೇ ಸ್ಥಾನ. ಅದಕ್ಕೆ ಅವಳ ಎದುರು ನಿಂತವಳು ಎಂಟೇ ವರ್ಷದ ಅನುಭವದ ಲುವೊ ಯಿಂಗ್.

ಇಬ್ಬರ ಮೇಜುಗಳೂ ಒಂದೇ ಕೋಣೆಯಲ್ಲಿದ್ದವು. ಬಿಡುವಿನಲ್ಲಿ ಮಕ್ಕಳು ಲುವೊಳ ಮೇಜಿಗೆ ಮುತ್ತಿಕೊಂಡು ಸೂರ್ಯಕಾಂತಿ ಬೀಜ ಹಂಚುತ್ತಿದ್ದರು. ಟಾನ್ ಕೆಂಪು ಪೆನ್ನಿನಿಂದ ಕಾಗದ ಹರಿಯುವಂತೆ ಗೀಟು ಎಳೆಯುತ್ತಿದ್ದಳು.

"ಬೀಜ ತಿಂದ್ಕೊಂಡು ಕೂತ್ರೆ ಪಾಠ ಆಗುತ್ತೇನಮ್ಮಾ?"

"ನಿಮಗೂ ಕೊಡ್ತಾರೆ ಟಾನ್ ಅಕ್ಕ. ಒಂದ್ಸಲ ತಲೆ ಎತ್ತಿ ನೋಡಿ ಅಷ್ಟೆ."

ದರ್ಜೆ ನಿರ್ಧಾರವಾಗುವುದು ತೀರ್ಪುಗಾರರ ಎದುರು ಮಾಡುವ ಪ್ರದರ್ಶನ ಪಾಠದ ಅಂಕದಿಂದ. ಅದನ್ನು ಚೀಟಿ ಎತ್ತಿ, ಬೇರೊಬ್ಬರ ತರಗತಿಗೆ ಮಾಡಬೇಕು. ಆ ಮಕ್ಕಳಿಗೆ ವಿಷಯವನ್ನು ಯಾರೂ ಮೊದಲೇ ಹೇಳಿಕೊಡಬಾರದು. ಲುವೊಳ ಚೀಟಿಯಲ್ಲಿ ಬಂದದ್ದು ಟಾನ್‌ಳ ತರಗತಿ. ವಿಷಯ, ಎರಡು ಇಂಗ್ಲಿಷ್ ವಾಕ್ಯಗಳನ್ನು ಒಂದಾಗಿ ಜೋಡಿಸುವುದು.

ನಮ್ಮ ಮಕ್ಕಳು ಇದರಲ್ಲಿ ಎಡವುವ ಜಾಗ ಎಲ್ಲ ಶಿಕ್ಷಕರಿಗೂ ಗೊತ್ತು. ನಮ್ಮ ಚೀನೀ ಮಾತಿನಲ್ಲಿ 'ಬಿಕಾಸ್', 'ಸೋ' ಎಂಬ ಅರ್ಥದ ಪದಗಳು ಒಂದೇ ವಾಕ್ಯದಲ್ಲಿ ಜೋಡಿಯಾಗಿಯೇ ಬರುತ್ತವೆ. ಇಂಗ್ಲಿಷಿನಲ್ಲೂ ಎರಡನ್ನೂ ತುರುಕುತ್ತಾರೆ. ಲುವೊಳ ಪಾಠ ನಿಂತಿದ್ದೇ ಆ ತಪ್ಪಿನ ಮೇಲೆ. ಮಕ್ಕಳು ಹಲಗೆಯ ಮೇಲೆ ತಪ್ಪು ಬರೆಯಬೇಕು, ತಾವೇ ಕಂಡುಕೊಂಡು ಒಂದನ್ನು ಅಳಿಸಬೇಕು. ಅವಳು ಕೋಣೆಯಲ್ಲೇ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದುದರಿಂದ ಟಾನ್‌ಗೆ ಎಲ್ಲವೂ ಬಾಯಿಪಾಠವಾಗಿತ್ತು. ಮಕ್ಕಳು ತಪ್ಪನ್ನೇ ಮಾಡದಿದ್ದರೆ ಲುವೊಳಿಗೆ ಕಲಿಸಲು ಏನೂ ಉಳಿಯುವುದಿಲ್ಲ. ಟಾನ್ ಶನಿವಾರ ತನ್ನ ತರಗತಿಯನ್ನು ಕರೆಸಿ ಮೂರು ಗಂಟೆ ಇದನ್ನೇ ಅರೆದು ಕುಡಿಸಿದಳು.

ಸೋಮವಾರ ಹಿಂದಿನ ಸಾಲಿನಲ್ಲಿ ನಾವು ಮೂವರು ತೀರ್ಪುಗಾರರು. ಟಾನ್ ಕಿಟಕಿಯ ಬಳಿ ಕುಳಿತಿದ್ದಳು. ಮಳೆ ಬಂತು, ನಾವು ಮನೆಯಲ್ಲೇ ಉಳಿದೆವು ಎಂದು ಲುವೊ ಎರಡು ವಾಕ್ಯ ಬರೆದಳು. ಮೊದಲ ಮಗು ಸರಿಯಾಗಿ ಜೋಡಿಸಿತು. ಎರಡನೆಯದೂ. ಐದನೆಯದೂ.

"ಬೇರೆ ಥರ ಯಾರಾದ್ರೂ ಬರೀತೀರಾ?" ಲುವೊ ಸೀಮೆಸುಣ್ಣ ಮುಂದೆ ಚಾಚಿದಳು.

ಯಾರೂ ಏಳಲಿಲ್ಲ. ಟಾನ್ ಹೊರಗಿನ ಮರ ನೋಡುತ್ತಿದ್ದಳು, ನೆಮ್ಮದಿಯಾಗಿ. ಲುವೊ ಪುಸ್ತಕ ಮುಚ್ಚಿದಳು.

"ಸರಿ, ನಿಮ್ಮದೇ ವಾಕ್ಯ ಹೇಳಿ. ನಿಜವಾದದ್ದನ್ನೇ ಹೇಳ್ಬೇಕು."

ಫಾಂಗ್ ಎಂಬ ಹುಡುಗಿ ಎದ್ದು ನಿಂತು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು: ಟಾನ್ ಟೀಚರ್ ಶನಿವಾರ ನಮಗೆ ಇದನ್ನು ಮೂರು ಗಂಟೆ ಕಲಿಸಿದರು, ಆದ್ದರಿಂದ ಯಾರಿಗೂ ತಪ್ಪಾಗುತ್ತಿಲ್ಲ.

ನಮ್ಮ ಪೆನ್ನುಗಳು ನಿಂತವು.

ಬುಧವಾರ ಲುವೊಳಿಗೆ ಬೇರೆ ತರಗತಿ ಕೊಟ್ಟೆವು. ಆ ಮಕ್ಕಳು ಧಾರಾಳವಾಗಿ ತಪ್ಪು ಮಾಡಿದರು. ಸ್ಥಾನ ಅವಳಿಗೆ ಸಿಕ್ಕಿತು. ಟಾನ್‌ಳ ಅರ್ಜಿಯನ್ನು ತಿರಸ್ಕರಿಸಿ ಸಹಿ ಹಾಕಿದವಳು ನಾನೇ. ಅದನ್ನು ತೆಗೆದುಕೊಳ್ಳಲು ಬಂದಾಗ ಅವಳು ನನ್ನಲ್ಲಿ ಕ್ಷಮೆ ಕೇಳಲಿಲ್ಲ.

"ಷೆನ್ ಅಕ್ಕ, ಆ ಹುಡುಗಿ ಇಂಗ್ಲಿಷಲ್ಲಿ ಒಂದಾದ್ರೂ ತಪ್ಪಿತ್ತಾ?"

"ಇರ್ಲಿಲ್ಲ."

"ಲುವೊ ಕ್ಲಾಸಿನ ಮಕ್ಕಳು ಅಷ್ಟು ಉದ್ದದ ವಾಕ್ಯ ಹೇಳ್ತಾರಾ?"

"ಇಲ್ಲ."

"ಹಾಗಾದ್ರೆ ಅದನ್ನೂ ಎಲ್ಲಾದ್ರೂ ಬರ್ಕೊಳ್ಳಿ."

ಆಗ ಬರೆದುಕೊಂಡಿರಲಿಲ್ಲ. ಈಗ ಬರೆದಿದ್ದೇನೆ.