ನೀಲಿ ಕಾಗದದ ಟಾರ್ಚು

ಕಳೆದ ವಾರ ಗಿರಿನಗರದ ನಮ್ಮ ರಸ್ತೆಯಲ್ಲಿ ಸಂಜೆ ಏಳಕ್ಕೆ ಕರೆಂಟು ಹೋಯಿತು. ಮೊಬೈಲಿನಲ್ಲಿ ಚಾರ್ಜಿರಲಿಲ್ಲ. ಮೇಣದಬತ್ತಿ ಹುಡುಕುತ್ತಾ ಅಡುಗೆಮನೆಯ ಕೊನೆಯ ಡ್ರಾದೊಳಗೆ ಕೈ ಹಾಕಿದರೆ ತಣ್ಣಗಿನದೊಂದು ಕೈಗೆ ತಗುಲಿತು. ಹಳೇ ಸ್ಟೀಲ್ ಟಾರ್ಚು. ಅದರ ಗಾಜಿನ ಮೇಲೆ ನೀಲಿ ಜಿಲೆಟಿನ್ ಕಾಗದ ಕಟ್ಟಿತ್ತು. ಕಟ್ಟಿದ್ದ ರಬ್ಬರ್ ಬ್ಯಾಂಡು ಕರಗಿ ಅಂಟಂಟಾಗಿತ್ತು. ಗುಂಡಿ ಒತ್ತಿದೆ, ಹತ್ತಲಿಲ್ಲ. ಕತ್ತಲಲ್ಲೇ ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಯಾಕೆ ಕೂತಿದ್ದೀಯ, ಏಳು ಎನ್ನುವವರು ಈ ಮನೆಯಲ್ಲಿ ಯಾರಿದ್ದಾರೆ?

ಆ ಟಾರ್ಚು ನಮ್ಮ ಪ್ರಾಂಪ್ಟರ್ ಸಾರ್ ಅವರದು.

ನಾನು ಎಂ.ಎ. ಓದುತ್ತಿದ್ದಾಗ ನಮ್ಮ ವಿಶ್ವವಿದ್ಯಾಲಯದಲ್ಲೊಂದು ಪುಟ್ಟ ರಂಗಮಂದಿರವಿತ್ತು. ಕ್ಯಾಂಟೀನಿನ ಹಿಂದೆ, ಶೀಟಿನ ಚಾವಣಿಯದು. ಮಳೆ ಬಂದರೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಅದಕ್ಕೇ ನಮ್ಮ ನಾಟಕಗಳ ಕಾಲ ದಸರೆಯ ರಜೆ ಮುಗಿದ ಮೇಲೆ ಶುರು. ತಿಂಗಳಿಗೊಂದು ನಾಟಕ, ಶನಿವಾರ ಸಂಜೆ. ಪರೀಕ್ಷೆ ಹತ್ತಿರವಾಗುವಷ್ಟರಲ್ಲಿ ಐದು ನಾಟಕ ಮುಗಿಯಬೇಕು. ಪಾತ್ರ ಮಾಡುವವರು ವಿದ್ಯಾರ್ಥಿಗಳು, ನಿರ್ದೇಶಕರು ಕನ್ನಡ ವಿಭಾಗದ ಮೇಷ್ಟ್ರು. ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್ ಮಾತ್ರ ಪರೀಕ್ಷಾ ವಿಭಾಗದ ಗುಮಾಸ್ತರು. ಐದಕ್ಕೆ ಆಫೀಸು ಬಿಟ್ಟವರೇ ಟಿಫನ್ ಡಬ್ಬಿ ಹಿಡಿದು ಬಂದು, ರಂಗದ ಎಡಗಡೆ, ಪರದೆಯ ಮರೆಯ ಸೈಡ್ ವಿಂಗಿನಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಬೆಳಕು ರಂಗದ ಮೇಲೆ ಚೆಲ್ಲಬಾರದೆಂದು ಟಾರ್ಚಿಗೆ ನೀಲಿ ಕಾಗದ.

ಜರಗನಹಳ್ಳಿಯ ಹಳೇ ಮನೆತನದವರು. ಹೊಲಗಳೆಲ್ಲ ಸೈಟಾಗಿ, ಬಾಡಿಗೆ ಮನೆಗಳೆದ್ದಿದ್ದವು. ಆದರೂ ಕನಕಪುರ ರಸ್ತೆಯ ಬಸ್ಸಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಬರುತ್ತಿದ್ದರು. ಅವರಿಗೆ ಉಗ್ಗು. "ಬ... ಬ... ಬರ್ತೀನಮ್ಮ" ಎನ್ನುವಷ್ಟರಲ್ಲಿ ನಾವು ಗೇಟು ದಾಟಿರುತ್ತಿದ್ದೆವು. ಆದರೆ ಪಿಸುಮಾತಿನಲ್ಲಿ ಉಗ್ಗೇ ಇಲ್ಲ! ಸೈಡ್ ವಿಂಗಿನಿಂದ ಬರುವ ಅವರ ಪಿಸುದನಿ ಎಷ್ಟು ಸ್ವಚ್ಛವಾಗಿರುತ್ತಿತ್ತೆಂದರೆ, ಒಂದೇ ಒಂದು ಪದ ಎತ್ತಿಕೊಟ್ಟರೆ ಸಾಕು, ಉಳಿದದ್ದು ತಾನಾಗಿ ಬಾಯಿಗೆ ಬರುತ್ತಿತ್ತು.

ಯಾರು ಮರೆತಿದ್ದಾರೆಂದು ನಿಮಗೆ ಹೇಗೆ ಗೊತ್ತಾಗುತ್ತೆ ಸಾರ್ ಎಂದು ಒಮ್ಮೆ ಕೇಳಿದ್ದೆ. "ಉ... ಉಸಿರು ನೋಡ್ತೀನಿ ಕಣಮ್ಮ" ಎಂದರು. ಉಸಿರು ಎಳೆದುಕೊಂಡರೆ ಮಾತು ನೆನಪಿದೆ, ಉಸಿರು ನಿಂತರೆ ಮರೆತಿದೆ. ಅಷ್ಟೇ ಲೆಕ್ಕ. ಬೇಕೆಂದೇ ಮೌನವಾಗಿ ನಿಲ್ಲುವ ಜಾಗಗಳಿದ್ದರೆ ತಾಲೀಮಿನಲ್ಲೇ ನೋಡಿಕೊಂಡು, ನಾಟಕದ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಸೊನ್ನೆ ಹಾಕಿಡುತ್ತಿದ್ದರು. ಸೊನ್ನೆ ಇದ್ದ ಕಡೆ ಅವರು ತುಟಿ ಬಿಚ್ಚುತ್ತಿರಲಿಲ್ಲ.

ಆ ವರ್ಷದ ನಾಲ್ಕನೇ ನಾಟಕದಲ್ಲಿ ನಾನು ತವರಿಗೆ ವಾಪಸು ಬಂದ ಮಗಳು. ಕೊನೆಯಲ್ಲಿ ಅಣ್ಣ "ಹೋಗ್ತೀಯೋ, ಇರ್ತೀಯೋ?" ಎಂದು ಕೇಳುತ್ತಾನೆ. ನಾನು "ಇರ್ತೀನಿ" ಎನ್ನಬೇಕು, ಪರದೆ ಬೀಳಬೇಕು. ಪ್ರದರ್ಶನದ ದಿನ ಮಧ್ಯಾಹ್ನ ನಿರ್ದೇಶಕರು ನನ್ನನ್ನು ಕರೆದು, ಆ ಮಾತಿಗೆ ಮುಂಚೆ ನಿಂತುಬಿಡು, ಮನಸ್ಸಿನಲ್ಲೇ ಹತ್ತು ಎಣಿಸು, ಉಸಿರೂ ಬಿಡಬೇಡ ಎಂದರು. "ಪ್ರಾಂಪ್ಟರಿಗೆ ಹೇಳ್ಬಿಡು, ಮರೀಬೇಡ" ಎಂದೂ ಹೇಳಿದರು. ಹೂಂ ಎಂದೆ. ಆಮೇಲೆ ಮೇಕಪ್ಪು, ಸೀರೆ, ಮಲ್ಲಿಗೆ ದಂಡೆ... ನಾಯಕಿ ಎಂಬ ಕೊಬ್ಬು ಬೇರೆ. ಹೇಳಲೇ ಇಲ್ಲ.

ಅಣ್ಣ ಕೇಳಿದ. ನಾನು ಉಸಿರು ಹಿಡಿದು ನಿಂತೆ. ಇಡೀ ಮಂದಿರ ಗಪ್‌ಚುಪ್. ನಾಲ್ಕು ಎಣಿಸಿದ್ದೆನೋ ಐದೋ, ಎಡಗಡೆಯಿಂದ ಸ್ವಚ್ಛವಾದ ಪಿಸುಮಾತು ತೇಲಿ ಬಂತು: "ಇರ್ತೀನಿ."

ಹಿಂದಿನ ಸಾಲಿನವರೆಗೂ ಕೇಳಿಸಿತು. ಯಾರೋ ಪುಣ್ಯಾತ್ಮ "ಇರು ತಾಯಿ, ಯಾರ್ ಬೇಡ ಅಂದ್ರು!" ಎಂದು ಕೂಗಿದ. ಜನ ಬಿದ್ದೂಬಿದ್ದೂ ನಕ್ಕರು. ಆ ನಗುವಿನ ನಡುವೆಯೇ ಪರದೆ ಬಿತ್ತು.

ಗ್ರೀನ್ ರೂಮಿನಲ್ಲಿ ನನಗೆ ಮೈಯೆಲ್ಲ ಬೆಂಕಿ. ಟಾರ್ಚು ಹಿಡಿದುಕೊಂಡೇ ಒಳಗೆ ಬಂದರು ಅವರು. ಎಲ್ಲರೆದುರಿಗೆ ಕಿರುಚಿದೆ: "ನಿಮ್ಮ ಮಾತೇ ನಿಮಗೆ ನೆಟ್ಟಗೆ ಬರಲ್ಲ, ನನ್ನ ಮಾತು ಯಾಕ್ ಸಾರ್ ನಿಮಗೆ?"

ಅಂದದ್ದನ್ನು ವಾಪಸು ನುಂಗಲಾದೀತೇ? ನಿರ್ದೇಶಕರು ನನ್ನ ಕಡೆ ತಿರುಗಿದರು. "ಅವರಿಗೆ ಹೇಳು ಅಂದಿದ್ನಲ್ಲಮ್ಮ. ಹೇಳಿದ್ಯಾ ಇಲ್ವಾ?"

ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆಮೇಲೆ "ಹೇಳಿದ್ದೆ ಸಾರ್" ಎಂದೆ.

ಪ್ರಾಂಪ್ಟರ್ ಸಾರ್ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ನನ್ನಾಣೆಗೂ ಇರಲಿಲ್ಲ. ನಿರ್ದೇಶಕರತ್ತ ತಿರುಗಿ, "ಹೌ... ಹೌದು ಸಾರ್. ಮ... ಮ... ಮರೆತೆ" ಎಂದರು. ಇಪ್ಪತ್ತು ವರ್ಷ ಒಂದೇ ಒಂದು ಪದ ಮರೆಯದಿದ್ದ ಮನುಷ್ಯ. ಎಲ್ಲರೂ ನಂಬಿಬಿಟ್ಟರು.

ಐದನೆಯ ನಾಟಕಕ್ಕೂ ಬಂದರು. ಸ್ಟೂಲು, ಡಬ್ಬಿ, ನೀಲಿ ಬೆಳಕು ಎಲ್ಲ ಮೊದಲಿನಂತೆಯೇ ಇತ್ತು. ತಾಲೀಮಿನುದ್ದಕ್ಕೂ ನಾನು ಅವರ ಕಣ್ಣು ತಪ್ಪಿಸಿಕೊಂಡು ಓಡಾಡಿದೆ. ನಾಳೆ ಹೇಳೋಣ, ನಾಳಿದ್ದು ಹೇಳೋಣ... ಪ್ರದರ್ಶನದಲ್ಲಿ ಎರಡನೇ ಅಂಕದ ನಡುವೆ ನನಗೆ ಮಾತು ನಿಜವಾಗಿ ಮರೆತುಹೋಯಿತು. ತಲೆ ಖಾಲಿ. ಉಸಿರು ನಿಂತಿತು. ಸೈಡ್ ವಿಂಗಿನ ಕಡೆ ನೋಡಿದೆ. ಅವರ ಬೆರಳು ಸಾಲಿನ ಮೇಲಿತ್ತು, ಬಾಯಿ ಅರ್ಧ ತೆರೆದಿತ್ತು. ಮಾತು ಮಾತ್ರ ಬರಲಿಲ್ಲ. ನಾನು ಏನೋ ಒದರಿ ಅರ್ಧ ಪುಟ ಹಾರಿಸಿದೆ.

ನಾಟಕ ಮುಗಿದ ಮೇಲೆ ಹೋಗಿ ನೋಡಿದೆ. ಸ್ಟೂಲಿನ ಮೇಲೆ ಅವರ ಪ್ರತಿ ತೆರೆದು ಬಿದ್ದಿತ್ತು. ನನ್ನ ಮಾತುಗಳ ಪಕ್ಕದಲ್ಲೆಲ್ಲ ಸೊನ್ನೆ, ಸೊನ್ನೆಯ ಪಕ್ಕ ಪ್ರಶ್ನೆಯ ಗುರುತು. ಪುಟ ಪುಟಕ್ಕೂ ಹಾಗೇ. ಅವರು ಹತ್ತಿರ ಬಂದು ಟಾರ್ಚನ್ನು ನನ್ನ ಕೈಯಲ್ಲಿಟ್ಟರು. "ನಿಲ್ಲಿಸ್ತಿದ್ದೀಯೇನೋ ಅಂದ್ಕೊಂಡೆ ಕಣಮ್ಮ. ಈಗೀಗ ನಿನ್ನ ಉಸಿರು ನಂಗೆ ಗೊತ್ತಾಗ್ತಿಲ್ಲ. ಇದನ್ನ ಮುಂದೆ ಕೂರೋರಿಗೆ ಕೊಡು." ಪಿಸುಮಾತಿನಲ್ಲೇ ಹೇಳಿದರು, ಒಂದಕ್ಷರವೂ ತಡವರಿಸದೆ. ಡಬ್ಬಿ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ಹೊರಟರು. ಮುಂದಿನ ವರ್ಷ ಅವರು ಬರಲಿಲ್ಲವಂತೆ. ಟಾರ್ಚನ್ನು ನಾನು ಯಾರಿಗೂ ಕೊಡಲಿಲ್ಲ.

ಆಮೇಲೆ ಬ್ಯಾಂಕಿನ ಕೆಲಸ, ಊರೂರಿಗೆ ವರ್ಗ. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುತ್ತಿದ್ದವರೂ ಈಗಿಲ್ಲ. ಬೆಂಗಳೂರಿಗೆ ಮರಳಿ ಗಿರಿನಗರದಲ್ಲಿ ನೆಲೆಯಾಗಿ ಎಷ್ಟೋ ವರ್ಷವಾಯಿತು. ಜರಗನಹಳ್ಳಿ ಏನು ಕಾಶಿಯೇ? ಆಟೋದಲ್ಲಿ ಅರ್ಧ ಗಂಟೆ. ಒಂದು ಭಾನುವಾರ ಧೈರ್ಯ ಮಾಡಿ ಹೋದೆ. ಅವರ ಮನೆಯಿದ್ದ ಜಾಗದಲ್ಲಿ ನಾಲ್ಕು ಮಹಡಿಯ ಪಿ.ಜಿ. ನಿಂತಿತ್ತು. ಕೆಳಗಡೆ ಬಟ್ಟೆ ಮಡಚುತ್ತಿದ್ದ ಹೆಂಗಸು ಅವರ ತಮ್ಮನ ಮಗಳು.

"ದೊಡ್ಡಪ್ಪ ಹೋಗಿ ಮೂರು ವರ್ಷ ಆಯ್ತಲ್ಲಾ ಆಂಟಿ. ನೀವ್ಯಾರು?"

"ಅವರು ನಮ್ಮ ನಾಟಕಕ್ಕೆ ಪ್ರಾಂಪ್ಟರ್ ಆಗಿದ್ರು..."

"ನಾಟಕಾನಾ?" ಆಕೆಗೆ ನಗು ಬಂತು. "ನಮ್ ದೊಡ್ಡಪ್ಪನಾ? ಮನೇಲೇ ಅವರು ಮಾತಾಡ್ತಿರ್ಲಿಲ್ಲ ಆಂಟಿ. ನೀವು ಬೇರೆ ಯಾರನ್ನೋ ಹುಡುಕ್ತಿದ್ದೀರಾ ಅನ್ಸುತ್ತೆ."

ಇರಬಹುದು ಎಂದು ಹೇಳಿ ಬಂದುಬಿಟ್ಟೆ. ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಕಂಡಕ್ಟರು ಎರಡು ಸಲ ಎಲ್ಲಿಗೆ ಮೇಡಂ ಎಂದು ಕೇಳಿದ.

ಟಾರ್ಚು ಸಿಕ್ಕಿದ ಮೇಲೆ ಈ ಶನಿವಾರ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಈ ಸಲದ ಮೂರನೇ ನಾಟಕ. ಹೊಸ ಕಟ್ಟಡ, ಎ.ಸಿ., ಮಕ್ಕಳ ಕಿವಿಯ ಹತ್ತಿರ ಪುಟ್ಟ ಮೈಕು. ನನ್ನ ಅಕ್ಕಪಕ್ಕದ ಎರಡು ಸೀಟೂ ಖಾಲಿ. ನಾಟಕದ ನಡುವೆ ಒಬ್ಬಳು ಹುಡುಗಿ ಮಾತು ನಿಲ್ಲಿಸಿ ನಿಂತಳು. ಮಂದಿರವೆಲ್ಲ ಮೆಚ್ಚಿ ಸುಮ್ಮನಿತ್ತು. ನಾನು ಅವಳ ಎದೆಯನ್ನೇ ನೋಡುತ್ತಿದ್ದೆ. ಉಸಿರಾಡುತ್ತಿರಲಿಲ್ಲ. ಎಡಗಡೆಯ ಸೈಡ್ ವಿಂಗಿನಲ್ಲಿ ಒಂದು ಲ್ಯಾಪ್‌ಟಾಪು ಇತ್ತು, ಮನುಷ್ಯರಿರಲಿಲ್ಲ. ಕೊನೆಗೆ ಅವಳೇ ಏನೋ ಹೇಳಿ ಮುಂದಕ್ಕೆ ಹೋದಳು, ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬರುವಾಗ ಅಂಗಡಿಯಲ್ಲಿ ಎರಡು ಸೆಲ್ಲು ತೆಗೆದುಕೊಂಡೆ. ಹಳೆಯವು ಒಳಗೇ ಕೊಳೆತು ಅಂಟಿಕೊಂಡಿದ್ದವು, ಚಾಕುವಿನಿಂದ ಕೆರೆದು ತೆಗೆದೆ. ಹೊಸತು ಹಾಕಿದ ಮೇಲೆ ಟಾರ್ಚು ಹತ್ತಿತು. ಅಡುಗೆಮನೆಯ ಗೋಡೆಯ ಮೇಲೆ ಮಂಕಾದ ನೀಲಿ ಬಿತ್ತು.

ಅವತ್ತು ಗ್ರೀನ್ ರೂಮಿನಲ್ಲಿ ನಿರ್ದೇಶಕರು ಕೇಳಿದಾಗಲೂ ನಾನು ಉಸಿರು ಹಿಡಿದೇ ನಿಂತಿದ್ದೆ. ಪ್ರಾಂಪ್ಟರ್ ಸಾರ್ ಅದನ್ನು ನೋಡುತ್ತಿದ್ದರು. ನನ್ನ ಮಾತು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದೊಂದನ್ನು ಮಾತ್ರ ಅವರು ಎತ್ತಿಕೊಡಲಿಲ್ಲ, ನನಗೇ ಬಿಟ್ಟರು.

"ನಾನು ಅವರಿಗೆ ಹೇಳಿರಲಿಲ್ಲ ಸಾರ್" ಎಂದೆ, ಗೋಡೆಯ ಕಡೆ ನೋಡಿಕೊಂಡು. ಗಟ್ಟಿಯಾಗಿಯೇ ಹೇಳಿದೆ. ಮನೆಯಲ್ಲಿ ನಾನೊಬ್ಬಳೇ ಇದ್ದೆ.