ತುಟಿಮಾತು ಕಲಿಸಿದ ಜಡೆಯಕ್ಕ

ಜಡೆಯಕ್ಕನನ್ನು ನಾನು ಮೊದಲು ನೋಡಿದಾಗ ಅವಳ ಜಡೆ ಸೊಂಟವನ್ನು ಸುತ್ತಿಕೊಂಡಿತ್ತು. ಬಟ್ಟೆ ಗಿರಣಿಯಲ್ಲಿ ಕೂದಲು ಇಳಿಬಿಟ್ಟರೆ ಯಂತ್ರದ ಬೆಲ್ಟು ಎಳೆದುಕೊಂಡುಬಿಡುತ್ತದೆ. ಕತ್ತರಿಸು ಎಂದರೆ ಅವಳು ಒಪ್ಪಲಿಲ್ಲ. ಸೊಂಟಕ್ಕೆ ಸುತ್ತಿ, ಮೇಲೊಂದು ಪಟ್ಟಿ ಬಿಗಿದು ಮಗ್ಗಕ್ಕೆ ನಿಲ್ಲುತ್ತಿದ್ದಳು. ಹೆತ್ತವರಿಟ್ಟ ಹೆಸರು ಅವಳಿಗೇ ಮರೆತಿತ್ತೋ ಏನೋ.

ಗಂಡ ತೀರಿಕೊಂಡು ನಾನು ದಿಕ್ಕು ತೋಚದೆ ಕೂತಿದ್ದಾಗ ಕೈ ಹಿಡಿದು ಗಿರಣಿಗೆ ಕರೆದೊಯ್ದವಳು ಅವಳೇ. ಸಿಕ್ಕಿದ್ದು ಬದಲಿ ಕೆಲಸ. ಯಾರು ರಜೆ ಹಾಕುತ್ತಾರೋ ಅವರ ಮಗ್ಗಕ್ಕೆ ಅವರ ಹೆಸರಿನಲ್ಲೇ ನಿಲ್ಲಬೇಕು. ಗಿರಣಿ ಮುಚ್ಚುವವರೆಗೂ ನಾನು ನನ್ನ ಹೆಸರಿನಲ್ಲಿ ಒಂದು ದಿನವೂ ದುಡಿಯಲಿಲ್ಲ.

ಮಗ್ಗಗಳ ಗದ್ದಲದಲ್ಲಿ ಕಿವಿ ಇದ್ದೂ ಇಲ್ಲದ ಹಾಗೆ. ಅಲ್ಲಿನ ಹೆಂಗಸರು ದನಿ ತೆಗೆಯದೆ ಬರೀ ತುಟಿ ಆಡಿಸುತ್ತಿದ್ದರು. ದೂರದವರು ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ಜಡೆಯಕ್ಕ ಕಲಿಸಿದ ಮೊದಲ ಪಾಠ ಸೂಪರ್‌ವೈಸರ್ ಮೇಲೆ. ಅವರ ಬೆನ್ನ ಹಿಂದೆ ನಿಂತು, "ಈ ಯಪ್ಪನ ಮೀಸೆ ನೋಡೇ, ಮಗ್ಗದ ಧೂಳು ಹೊಡೆಯೋಕಾಗುತ್ತೆ" ಎಂದಳು. ನಾನು ನಕ್ಕೆ. ಅಷ್ಟರಲ್ಲಿ ನೂಲು ಕಡಿಯಿತು, ಬೈಸಿಕೊಂಡೆ. ಗಂಡನನ್ನು ನೆನೆದು ಕಣ್ಣು ತುಂಬಿಕೊಂಡ ದಿನ ಸಾಲಿನ ಆಚೆ ತುದಿಯಿಂದ ಅವಳು ಆಡಿದ ಸಮಾಧಾನದ ಮಾತು ಒಂದೊಂದೂ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಗಿರಣಿ ಮುಚ್ಚಿದ ಮೇಲೆ ಮನೆ ಇಲ್ಲದ ಕೆಲವರು ಅದೇ ಮಹಡಿಗಳಲ್ಲಿ ಉಳಿದೆವು. ಪುಕ್ಕಟೆ ಕಾವಲು ಸಿಕ್ಕಿತೆಂದು ಮಾಲೀಕರು ಸುಮ್ಮನಿದ್ದರು. ಹಲಗೆ ನಿಲ್ಲಿಸಿ ಮನೆ ಮಾಡಿಕೊಂಡೆವು. ಹಲಗೆ ಚಾವಣಿಯವರೆಗೆ ಮುಟ್ಟುತ್ತಿರಲಿಲ್ಲ. ನಾನಿಲ್ಲಿ ಸೀನಿದರೆ ಜಡೆಯಕ್ಕ ಅಲ್ಲಿಂದ, "ಕಷಾಯ ಕುಡಿಯೇ" ಎನ್ನುತ್ತಿದ್ದಳು. ಮಗ್ಗಗಳನ್ನು ಕಿತ್ತ ಜಾಗದಲ್ಲಿ ನೆಲದ ತುಂಬ ತೂತು. ಕಾಳು ಚೆಲ್ಲಿದರೆ ಕಡ್ಡಿಯಿಂದ ಕೆದಕಿ ತೆಗೆಯಬೇಕು. ಬರಿ ಇಟ್ಟಿಗೆ ಗೋಡೆಗೆ ನಾಚಿಕೊಂಡು ಹಳೇ ಪೇಪರು ಅಂಟಿಸಿದ್ದೆವು.

ಈಗ ಆ ಬರಿ ಇಟ್ಟಿಗೆಯನ್ನೇ ಜನ ಇಷ್ಟಪಟ್ಟು ಬರುತ್ತಾರಂತೆ. ಹೊಸ ಮಾಲೀಕರು ಕಟ್ಟಡ ಕೊಂಡು ಒಳ್ಳೊಳ್ಳೆ ಮನೆಗಳನ್ನು ಮಾಡಿಸಲು ನಿಂತರು. ಗಿರಣಿಯಲ್ಲಿ ದುಡಿದವರಿಗೆ ತಲೆಗೊಂದು ಮನೆ, ಉಳಿದವರು ಜಾಗ ಬಿಡಬೇಕು ಎಂದರು. ಮಗ್ಗದವರ ಪೈಕಿ ಉಳಿದವರು ನಾನು, ಜಡೆಯಕ್ಕ ಇಬ್ಬರೇ. ನನ್ನ ದುಡಿಮೆಗೆ ಅವಳ ಬಾಯಿಮಾತೊಂದೇ ಸಾಕ್ಷಿ.

"ಯಾಕೆ ಪೆಚ್ಚುಮೋರೆ ಹಾಕ್ಕೊಂಡಿದ್ದೀಯ? ನಾನೇನು ಸತ್ತಿದ್ದೀನಾ? ನಾಳೆ ಆಫೀಸಿಗೆ ಬಾ, ನಿನ್ನ ಪರ ನಾನು ಹೇಳ್ತೀನಿ" ಎಂದಳು.

ಮರುದಿನ ಹೊಸ ಮಾಲೀಕರ ಮ್ಯಾನೇಜರ್, ಹಿಂದೆ ಸೂಪರ್‌ವೈಸರ್ ಕೂರುತ್ತಿದ್ದ ಗಾಜಿನ ಕೋಣೆಯಲ್ಲಿ ಕೂತಿದ್ದ. ಜಡೆಯಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ದೂರದಲ್ಲಿ ಕಬ್ಬಿಣದ ಕಂಬಕ್ಕೊರಗಿ ಕೂತೆ. ಕದ್ದು ತಿಳಿಯುವ ಆಸೆಯೇನೂ ಇರಲಿಲ್ಲ. ಅಭ್ಯಾಸಬಲ, ಕಣ್ಣು ಅವಳ ತುಟಿಗೆ ಹೋಯಿತು.

"ಅವಳು ಇಲ್ಲಿ ದುಡಿದೋಳಲ್ಲ ಸಾರ್. ನಂಗೆ ಊಟದ ಡಬ್ಬಿ ತರ್ತಿದ್ಲು, ಅಷ್ಟೇ. ನನ್ನ ಮಗಳು ದುಡಿದಿದ್ದಾಳೆ. ಆ ಮನೆ ಅವಳಿಗೆ ಕೊಡಿ."

ಗಿರಣಿ ನಡೆಯುತ್ತಿದ್ದಾಗ ಅವಳ ಮಗಳು ಸ್ಕೂಲಿಗೆ ಹೋಗುತ್ತಿದ್ದ ಹುಡುಗಿ. ಜಡೆಯಕ್ಕ ಮುಂದಕ್ಕೆ ಬಾಗಿ ದನಿ ತಗ್ಗಿಸಿ ಹೇಳುತ್ತಿದ್ದಳು. ಮುಖ ಮಾತ್ರ ನೇರ ನನ್ನ ಕಡೆಗಿತ್ತು. ಮಗ್ಗದವರು ಗುಟ್ಟು ಹೇಳುವಾಗ ದನಿ ತಗ್ಗಿಸುವುದಿಲ್ಲ, ಬೆನ್ನು ತಿರುಗಿಸುತ್ತಾರೆ. ಗದ್ದಲ ನಿಂತು ಎಷ್ಟೋ ವರ್ಷವಾಗಿ ಅವಳಿಗೆ ಅದು ಮರೆತೇಹೋಗಿತ್ತು.

ಎದ್ದು ಹೋಗಿ ಬಾಗಿಲು ತೆಗೆದೆ. ಅವಳು ಆಡಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ.

ಮ್ಯಾನೇಜರ್ ಹುಬ್ಬೇರಿಸಿದ. "ಬಾಗಿಲು ಹಾಕಿತ್ತಲ್ಲಮ್ಮ, ನಿಮಗೆ ಹೇಗೆ ಕೇಳಿಸ್ತು?"

"ಕೇಳಿಸಲಿಲ್ಲಪ್ಪ, ನೋಡಿದೆ. ಮಗ್ಗದಲ್ಲಿ ದುಡಿದೋರಿಗೆ ಬರುತ್ತೆ. ಇವಳೇ ಕಲಿಸಿದ್ದು, ಕೇಳು."

ಅವನು ಅವಳ ಕಡೆ ತಿರುಗಿದ. ಜಡೆಯಕ್ಕ ನನ್ನನ್ನು ನೋಡಲಿಲ್ಲ.

"ತುಟಿ ನೋಡಿ ಮಾತು ತಿಳಿಯೋದಾ? ಅಂಥಾದ್ದೆಲ್ಲಿ ಬರುತ್ತೆ ಸಾರ್. ಬಾಗಿಲ ಸಂದಿಗೆ ಕಿವಿ ಇಟ್ಟಿರ್ತಾಳೆ. ವಯಸ್ಸಾಯ್ತಲ್ಲ, ಏನೇನೋ ಆಡ್ತಾಳೆ."

ಪರೀಕ್ಷೆ ಮಾಡಿ ನೋಡು ಎನ್ನಬಹುದಿತ್ತು. ತಿರುಗಿ ಹೊರಗೆ ಬಂದುಬಿಟ್ಟೆ. ಮನೆಗಾಗಿ ಸುಳ್ಳು ಹೇಳಿದ್ದನ್ನು ಮಗಳ ಮೇಲಿನ ಆಸೆ ಎಂದು ನುಂಗಿಕೊಂಡೇನು. ಆದರೆ ಆ ಗದ್ದಲದ ನಡುವೆ ನಾವು ಆಡಿದ ಮಾತು, ನಕ್ಕ ನಗು, ಅವಳು ಹೇಳಿದ ಸಮಾಧಾನ, ಅಷ್ಟನ್ನೂ ಇಲ್ಲವೇ ಇಲ್ಲ ಎಂದುಬಿಟ್ಟಳಲ್ಲ. ಅವಳೇ ಇಲ್ಲ ಎಂದ ಮೇಲೆ ನಾನು ಯಾರ ಮುಂದೆ ಏನು ತೋರಿಸಲಿ?

ಮನೆ ಅವಳ ಮಗಳಿಗಾಯಿತು. ಮೆಟ್ಟಿಲು ಗುಡಿಸಲು ಯಾರಾದರೂ ಬೇಕಿತ್ತು ಎಂದು ನನ್ನನ್ನು ಕೆಳಗಿನ ಕೋಣೆಯಲ್ಲಿ ಉಳಿಸಿದರು. ಕಿಟಕಿ ಇಲ್ಲ, ಹಿಂದೆ ನೂಲಿನ ಕಸ ತುಂಬುತ್ತಿದ್ದ ಜಾಗ. ದಿನಾ ಗುಡಿಸುತ್ತೇನೆ. ಜಡೆಯಕ್ಕ ಮಗಳ ಜೊತೆ ಮಾತಾಡುತ್ತಾ ಇಳಿದು ಬರುತ್ತಾಳೆ. ಜಡೆ ಈಗ ಬೆರಳಷ್ಟಾಗಿದೆ. ನಾನು ಕಂಡ ಕೂಡಲೇ ಬಾಯಿಗೆ ಅಂಗೈ ಅಡ್ಡ ಹಿಡಿದುಕೊಳ್ಳುತ್ತಾಳೆ. ಮಗಳು, "ಹಲ್ಲು ನೋಯ್ತಿದ್ಯೇನಮ್ಮ?" ಎಂದು ಕೇಳುತ್ತಾಳೆ.